ಬರ್ತೇನಿ ಅಂದವರ ದೀಪ

ಎಸ್ಟೋನಿಯಾ ದೇಶದ ತಾನೆಲ್ ಎಂಬಾತ ಆ ಪ್ರಶ್ನೆ ಕೇಳಿದ ದಿನ ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ದಾಕ್ಷಾಯಣಿ, ಆಕೆಯ ಗಂಡ ಗುರುಪಾದ, ಪಕ್ಕದ ಮನೆಯ ನಾನು. ಪ್ರಶ್ನೆ ಇಷ್ಟೇ: "ನಿಮ್ಮ ತಂತ್ರಾಂಶದಲ್ಲಿ ಒಬ್ಬ ಮನುಷ್ಯನಿಗೆ ಎರಡೇ ಸ್ಥಿತಿಗಳಿವೆ. ಒಂದೋ ಮನೆಯಲ್ಲಿದ್ದಾನೆ, ಇಲ್ಲವೇ ಬರುತ್ತಾನೆ. 'ಹೋಗಿದ್ದಾನೆ' ಎಂಬುದನ್ನು ಬರೆಯಲು ಮರೆತಿರಾ?"

ಮರೆತಿರಲಿಲ್ಲ, ನಮಗೆ ಹೊಳೆದೇ ಇರಲಿಲ್ಲ. ನಮ್ಮ ಕಡೆ ಮನೆಯಿಂದ ಹೊರಡುವವರು ಹೋಗ್ತೇನಿ ಅನ್ನುವುದಿಲ್ಲ. ಕಾಯಿಪಲ್ಲೆ ತರಲು ಹೊರಟರೂ ಕಾಶಿಗೆ ಹೊರಟರೂ ಬರ್ತೇನಿ ಅನ್ನಬೇಕು. ಬಾಯಿ ತಪ್ಪಿದರೆ ಹಿರಿಯರು ಬಾಗಿಲಲ್ಲೇ ನಿಲ್ಲಿಸಿ ತಿದ್ದುತ್ತಾರೆ.

"ಅವಂಗ ಬರೀ ದಾಕ್ಷಿ," ಎಂದು ಗುರುಪಾದ ಮೀಸೆ ತಿರುವಿದ್ದ. "ನಮ್ಮ ಹುಬ್ಬಳ್ಳ್ಯಾಗ ಯಾರೂ ಹೋಗಂಗಿಲ್ಲಪಾ, ಎಲ್ಲಾರೂ ಬರೇ ಬರ್ತಾರ ಅಂತ."

ದಾಕ್ಷಿ ಅದನ್ನೇ ಇಂಗ್ಲಿಷಿನಲ್ಲಿ ಬರೆದು, ಆ ಮೂರನೆಯ ಸ್ಥಿತಿ ಸೇರಿಸಿ ತಾನೆಲ್ ಕಳಿಸಿದ್ದ ತಿದ್ದುಪಡಿಯನ್ನು ಬೇಡವೆಂದು ಪಕ್ಕಕ್ಕಿಟ್ಟಳು. ಆತ ಬೇಸರಪಡಲಿಲ್ಲ. ನಿಮ್ಮದು ಒಳ್ಳೆಯ ದೇಶ ಎಂದು ಉತ್ತರ ಬರೆದ.

ಈಗ ಅದನ್ನು ನೆನೆದರೆ ನಗು ಬರುವುದಿಲ್ಲ. ಆದರೂ ನಗುವಿನಿಂದಲೇ ಶುರು ಮಾಡಿದೆ, ಏಕೆಂದರೆ ಆ ಮನೆಯಲ್ಲಿ ಎಲ್ಲವೂ ಹಾಗೆಯೇ ಶುರುವಾಗುತ್ತಿತ್ತು.

ಗುರುಪಾದ ಹಂಚಿನಮನಿ ಗೂಡ್ಸ್ ಗಾಡಿಯ ಡ್ರೈವರ್. ಲೋಕೋ ಪೈಲಟ್ ಅನ್ನಬೇಕಂತೆ. ವಿಮಾನ ಹಾರಿಸುವವನ ಹಾಗೆ ಕೇಳಿಸುತ್ತದೆಂದು ಅವನೇ ತಮಾಷೆ ಮಾಡುತ್ತಿದ್ದ. ಪ್ಯಾಸೆಂಜರ್ ಗಾಡಿಗೆ ವೇಳಾಪಟ್ಟಿ ಇರುತ್ತದೆ. ಅದಿರು ತುಂಬಿದ ಗೂಡ್ಸಿಗೆ ಯಾವ ಪಟ್ಟಿ? ಅದು ಯಾವ ಸ್ಟೇಷನ್ನಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೋ ಓಡಿಸುವವನಿಗೂ ತಿಳಿಯದು. ಗಾಡಿಯಲ್ಲಿರುವಾಗ ಫೋನು ಮುಚ್ಚಿಡಬೇಕು. ಬೆಳಿಗ್ಗೆ ಬರುತ್ತಾನೆಂದು ರೊಟ್ಟಿ ಬಡಿದಿಟ್ಟರೆ ಸಂಜೆ ಬರುತ್ತಿದ್ದ. ಸಂಜೆಗೆ ನೀರು ಕಾಯಿಸಿಟ್ಟರೆ ಮರುದಿನ ಬಂದು ತಣ್ಣೀರಿನಲ್ಲಿ ಮಿಂದು, ಯಾರನ್ನೂ ಎಬ್ಬಿಸದೆ ಮಲಗುತ್ತಿದ್ದ. ಇದರಿಂದ ದಾಕ್ಷಿಗೆ ಸಾಕುಸಾಕಾಯಿತು. ಆಕೆ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಾಳೆ. ಅಂಥವರು ಸಿಟ್ಟು ಬಂದರೆ ಪಾತ್ರೆ ಕುಕ್ಕುವುದಿಲ್ಲ, ಬೆಸುಗೆ ಹಾಕಲು ಕೂರುತ್ತಾರೆ.

ಹೀಗೆ ಹುಟ್ಟಿದ್ದು ನಮ್ಮ 'ಹೊಸ್ತಿಲು'. ಬಾಗಿಲ ಚೌಕಟ್ಟಿಗೆ ಬೆಂಕಿಪೊಟ್ಟಣದಷ್ಟು ಒಂದು ಬೋರ್ಡು, ಅದರಲ್ಲಿ ಮೈಕು. ಹೊಸ್ತಿಲ ಕೆಳಗೆ ಹೆಜ್ಜೆಯ ಅದುರು ಹಿಡಿಯುವ ಬಿಲ್ಲೆ. ಅಡುಗೆಮನೆಯಲ್ಲಿ ಒಂದು ಹಳೆಯ ಕಂಪ್ಯೂಟರ್. ಮನೆಯ ಮಾತು ಮನೆಯಲ್ಲೇ ಉಳಿಯುತ್ತದೆ, ಹೊರಗೆಲ್ಲೂ ಹೋಗುವುದಿಲ್ಲ. ಯಾರಾದರೂ ಬಾಗಿಲಲ್ಲಿ ನಿಂತು ಬರ್ತೇನಿ ಅಂದರೆ ದನಿ ಗುರುತಿಸಿ ಅವರನ್ನು ಕಾಯತೊಡಗುತ್ತದೆ. ಹಿಂದೆಲ್ಲ ಎಷ್ಟು ತಡ ಮಾಡಿದ್ದಾರೆ, ಇವತ್ತು ಯಾವ ವಾರ, ಎಂಜಿನ್ನಿನ ಕೂಗು ಯಾವ ದಿಕ್ಕಿನಿಂದ ಕೇಳಿತು, ಎಲ್ಲ ಕೂಡಿಸಿ ಕಳೆದು ಒಂದು ಅಂಕಿ ತೆಗೆಯುತ್ತದೆ. ಅಂಕಿ ಏರಿದರೆ ಪಡಸಾಲೆಯ ದೀಪ ಹತ್ತುತ್ತದೆ, ಗೀಸರ್ ಹೊತ್ತಿಕೊಳ್ಳುತ್ತದೆ. ಗೂಡ್ಸ್ ಡ್ರೈವರನ ಮನೆಗೆ ಬರೆದ ಲೆಕ್ಕ ಅದು: ತಡವಾದಷ್ಟೂ ಮನುಷ್ಯ ಹತ್ತಿರ ಬಂದಿರಬೇಕು. ಆದ್ದರಿಂದ ಅಂಕಿ ಏರುತ್ತದೆ, ಇಳಿಯುವುದಿಲ್ಲ. ಮನುಷ್ಯ ಒಳಗೆ ಬಂದ ಮೇಲೆ ಮಾತ್ರ ಅಳಿಸಿಹೋಗುತ್ತದೆ. ಆಗ ಪಡಸಾಲೆಯ ದೀಪ ಆರುತ್ತದೆ, ಒಳಕೋಣೆಯ ಫ್ಯಾನು ತಿರುಗುತ್ತದೆ, ಅವನ ರೇಡಿಯೋ ಸಣ್ಣಗೆ ಹಾಡುತ್ತದೆ. ಗುರುಪಾದ ದಣಿದು ಬಾಯಿ ಬಿಡದೆ ಒಳಸೇರುತ್ತಿದ್ದನಾದ್ದರಿಂದ, ಉಳಿದವರ ಮಾತಿನ ಧಾಟಿಯಿಂದಲೂ ಅವನು ಬಂದದ್ದನ್ನು ತಿಳಿಯಲು ಅದು ತಾನಾಗಿ ಕಲಿಯಿತು.

ನಾನು ನಿವೃತ್ತ ಕನ್ನಡ ಶಿಕ್ಷಕಿ. ಊರೆಲ್ಲ ನನ್ನನ್ನು ಅಕ್ಕೋರು ಅನ್ನುತ್ತದೆ. ಈ ಯೋಜನೆಯ ಕನ್ನಡವೆಲ್ಲ ನನ್ನದು. ಆ ಅಂಕಿಗೆ ದಾಕ್ಷಿ 'ಸಂಭವನೀಯತೆ' ಎಂದು ಬರೆದಿದ್ದಳು. ಪರೀಕ್ಷೆಯ ಪ್ರಶ್ನೆಪತ್ರಿಕೆಯ ವಾಸನೆ ಬರುತ್ತದೆ, ತೆಗಿ ಎಂದು ಬೈದು 'ಭರವಸೆ' ಎಂದು ಹಾಕಿಸಿದೆ. ಗೋಡೆಯ ಪುಟ್ಟ ಪರದೆಯ ಮೇಲೆ ಭರವಸೆ ಎಪ್ಪತ್ತು, ಭರವಸೆ ಎಂಬತ್ತು ಎಂದು ಏರುವುದನ್ನು ನೋಡುತ್ತ ಗುರುಪಾದನ ತಾಯಿ ನೀಲವ್ವ ಒಲೆಯ ಮೇಲೆ ಹೆಂಚಿಡುತ್ತಿದ್ದರು.

ಮನೆಮಂದಿಯ ಹೆಸರು ದಾಖಲಿಸುವ ದಿನ ಒಂದು ತಮಾಷೆ ನಡೆಯಿತು. ಪ್ರತಿಯೊಬ್ಬರ ಹೆಸರನ್ನೂ ದಾಕ್ಷಿ ಮೈಕಿನಲ್ಲಿ ಹೇಳಬೇಕಿತ್ತು. "ನೀಲವ್ವ" ಅಂದಳು, "ದಾಕ್ಷಾಯಣಿ" ಅಂದಳು, ಗಂಡನ ಸರದಿ ಬಂದಾಗ "ಮನಿಯವ್ರು" ಅಂದಳು. ನಮ್ಮ ಕಡೆ ಹೆಂಗಸರು ಗಂಡನನ್ನು ಮನಿಯವ್ರು ಅನ್ನುತ್ತಾರೆ, ಹೆಸರು ಹಿಡಿಯುವುದಿಲ್ಲ. ದಾಕ್ಷಿಗೆ ಅದರಲ್ಲಿ ನಂಬಿಕೆಯೇನೂ ಇರಲಿಲ್ಲ. ನಾಲಿಗೆ ಮಾತ್ರ ಏಳುತ್ತಿರಲಿಲ್ಲ.

"ಒಮ್ಮೆರ ಗುರುಪಾದ ಅಂತ ಕರಿ ನೋಡೂಣು," ಅಂದ ಅವನು. "ಮಷೀನಿನ ಸಲುವಾಗಿ ಆದ್ರೂ ಕರಿ."

"ಹೋಗ್ರೀ!"

"ನೋಡ್ರಿ ಅಕ್ಕೋರ, ಗಂಡನ್ನ ಹೋಗ್ರಿ ಅಂತಾಳ. ಹೆಸರು ಕೇಳಿದ್ರ ಹೊರಗ ಹಾಕ್ತಾಳ."

"ಹೋಗ್ರೀ ನೀವು, ಬರೇ ಚಾಷ್ಟಿ," ಎಂದು ಆಕೆ ಕೆಂಪಾಗಿ ಒಳಗೆ ಓಡಿದಳು. ಮಷೀನಿನಲ್ಲಿ ಅವನು ಮನಿಯವ್ರು ಎಂದೇ ಉಳಿದ. ದಿನಾ ಒಮ್ಮೆಯಾದರೂ ನಡೆಯುವ ಆಟ ಅದು. ಅವನು ಹೆಸರು ಕರೆ ಅನ್ನುವುದು, ಈಕೆ ಹೋಗ್ರೀ ಅನ್ನುವುದು. ನನ್ನ ಅಡುಗೆಮನೆಗೂ ಕೇಳಿಸುತ್ತಿತ್ತು.

ದಾಕ್ಷಿ ಇಡೀ ಯೋಜನೆಯನ್ನು ಮುಕ್ತವಾಗಿ ಹಂಚಿದಳು. ಬೋರ್ಡಿನ ನಕ್ಷೆ, ಬರೆದ ಕೋಡು, ನನ್ನ ಕನ್ನಡ ಕೈಪಿಡಿ, ಎಲ್ಲ ಯಾರು ಬೇಕಾದರೂ ತೆಗೆದುಕೊಂಡು ತಮ್ಮ ಮನೆಗೆ ತಕ್ಕಂತೆ ತಿದ್ದಿಕೊಳ್ಳಬಹುದಿತ್ತು. ಮೊದಲು ಉಳಿದ ಡ್ರೈವರುಗಳ ಮನೆಗೆ ಹೋಯಿತು. ಆಮೇಲೆ ನರ್ಸುಗಳ, ಕಂಡಕ್ಟರುಗಳ, ಪೊಲೀಸರ ಮನೆಗೆ; ಯಾರ ಮನೆಯಲ್ಲಿ ಕಾಯುವ ಕೆಲಸವಿದೆಯೋ ಅಲ್ಲಿಗೆಲ್ಲ. ಮರಾಠಿಯವರು ತಮ್ಮ ಮಾತು ಕಲಿಸಿದರು, ತಮಿಳರು ಕಲಿಸಿದರು, ತೆಲುಗರು ಕಲಿಸಿದರು. ಅಚ್ಚರಿಯೆಂದರೆ ಅವರೆಲ್ಲರ ಮನೆಗಳಲ್ಲೂ ಹೊರಡುವವರು ಬರ್ತೇನಿ ಎಂದೇ ಹೇಳುತ್ತಾರೆ. ಒಬ್ಬರು ಅಡುಗೆ ಅನಿಲದ ವಾಸನೆ ಹಿಡಿಯುವ ತುಣುಕು ಬರೆದು ಹಂಚಿದರು, ಇನ್ನೊಬ್ಬರು ಕಿವಿ ಕೇಳದ ತಂದೆಗಾಗಿ ದೀಪ ಮಿನುಗಿಸುವುದನ್ನು, ಮತ್ತೊಬ್ಬರು ದನಿ ಗುರುತಿಸಿ ಬಾಗಿಲ ಚಿಲಕ ತೆಗೆಯುವುದನ್ನು. ನಮ್ಮಲ್ಲಿ ಕಟ್ಟುನಿಟ್ಟಾದ ಒಂದು ಪದ್ಧತಿ ಇತ್ತು: ಮೊದಲು ನಮ್ಮ ಮನೆಯಲ್ಲಿ. ಯಾವ ಬದಲಾವಣೆಯಾದರೂ ಅದನ್ನು ಬರೆದವರ ಮನೆಯಲ್ಲಿ ನಡೆದು ತೋರಿಸಬೇಕು, ಆಮೇಲೆಯೇ ದಾಕ್ಷಿ ಅದನ್ನು ಎಲ್ಲರಿಗೂ ಕಳಿಸುತ್ತಿದ್ದಳು.

ಇನ್ನೊಂದು ನಿಯಮ ಜಗಳದಿಂದ ಹುಟ್ಟಿತು. ಬೆಳಗಾವಿ ಕಡೆಯ ಒಂದು ಮನೆಯಲ್ಲಿ ಸೊಸೆ ಮುನಿಸಿಕೊಂಡು ತವರಿಗೆ ಹೋದಾಗ ಅತ್ತೆ ಆಕೆಯ ಹೆಸರನ್ನು ಮನೆಯಿಂದ ಅಳಿಸಿಬಿಟ್ಟಳು. ಮರಳಿ ಬಂದ ಸೊಸೆಯ ದನಿಗೆ ಬಾಗಿಲು ತೆರೆಯಲಿಲ್ಲ. ಯೋಜನೆಯವರೆಲ್ಲ ಬರೆದುಕೊಳ್ಳುವ ಅಂತರ್ಜಾಲ ವೇದಿಕೆಯಲ್ಲಿ ದೊಡ್ಡ ರಂಪವಾಯಿತು. ಕಡೆಗೆ ಎಲ್ಲರೂ ಒಪ್ಪಿದರು: ಒಬ್ಬರ ಮಾತಿನಿಂದ ಇನ್ನೊಬ್ಬರನ್ನು ಮನೆಯಿಂದ ತೆಗೆಯಕೂಡದು. ಬಿಟ್ಟು ಹೋಗುವವರು ತಮ್ಮದೇ ದನಿಯಲ್ಲಿ ಹೇಳಬೇಕು. ಸತ್ತವರು ಹೇಗೆ ಹೇಳುತ್ತಾರೆ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಮನೆ ಕಟ್ಟುವ ಮಾತಿನ ನಡುವೆ ಅಂಥ ಮಾತನ್ನು ಯಾರು ಎತ್ತುತ್ತಾರೆ?

ಅವತ್ತು ಮಧ್ಯಾಹ್ನ ಗುರುಪಾದ ಹೊರಟಾಗ ನಾನು ನಮ್ಮ ಕಟ್ಟೆಯ ಮೇಲೆ ಮೆಂತ್ಯೆ ಸೋಸುತ್ತಿದ್ದೆ. "ಹೆಸರು ಹಿಡದು ಕಳಸಲೇ ಇವತ್ತರ," ಅಂದ. "ಹೋಗ್ರೀ, ಹೊತ್ತಾತು," ಎಂದು ಈಕೆ ಒಳಗಿನಿಂದಲೇ ಕೂಗಿದಳು. ಆಮೇಲೆ ಬಾಗಿಲಿಗೆ ಬಂದಳು. ಅವನು ಬರ್ತೇನಿ ಅಂದ. ಈಕೆ ಹೋಗಿ ಬರ್ರಿ ಅಂದಳು. ದೂರದ ಯಾವುದೋ ಸ್ಟೇಷನ್ನಿನ ವಿಶ್ರಾಂತಿ ಕೋಣೆಯಲ್ಲಿ ಊಟ ಮಾಡಿ ಮಲಗಿದವನು ಏಳಲಿಲ್ಲ. ಎದೆ ನಿಂತಿತ್ತು.

ಅವನನ್ನು ನಾಲ್ವರು ಹೊತ್ತು ತಂದರು. ಹೊಸ್ತಿಲಿಗೆ ಆ ಹೆಜ್ಜೆಗಳ ಪರಿಚಯವಿರಲಿಲ್ಲ. ಅವನಿಗೆ ದನಿಯೂ ಇರಲಿಲ್ಲ. ಅವನು ಬಂದದ್ದು ಮನೆಗೆ ತಿಳಿಯಲೇ ಇಲ್ಲ. ಹೆಣವನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದರು, ವಿಭೂತಿ ಹಚ್ಚಿದರು. ಅವನ ತಲೆಯ ಮೇಲೆಯೇ ಅವನನ್ನು ಕಾಯುವ ದೀಪ ಉರಿಯುತ್ತಿತ್ತು. ಬಚ್ಚಲಿನಲ್ಲಿ ನೀರು ಕಾದಿತ್ತು. ಅದೇ ನೀರಿನಿಂದ ಅವನಿಗೆ ಜಳಕ ಮಾಡಿಸಿದ್ದರು. ನಾನು ಎಷ್ಟೋ ಸಾವುಗಳಿಗೆ ಹೋಗಿದ್ದೇನೆ, ಅಷ್ಟು ಅತ್ತದ್ದು ಅದೊಂದೇ ಸಲ.

ಆಮೇಲೆ ಮನೆ ಕಾಯುತ್ತಲೇ ಇತ್ತು. ಭರವಸೆ ಏರಿತು, ತೊಂಬತ್ತೊಂಬತ್ತಕ್ಕೆ ಬಂದು ನಿಂತಿತು. ಪಡಸಾಲೆಯ ದೀಪ ಹಗಲೂ ಉರಿಯತೊಡಗಿತು. ಗೀಸರ್ ಆಗಾಗ ಟಕ್ ಎಂದು ಹೊತ್ತಿಕೊಳ್ಳುತ್ತಿತ್ತು. ಆ ಸಪ್ಪಳ ಕೇಳಿದಾಗೆಲ್ಲ ನೀಲವ್ವ ಮಾಡುವ ಕೆಲಸ ಬಿಟ್ಟು ಬಾಗಿಲ ಕಡೆ ನೋಡುತ್ತಿದ್ದರು. ಮಗ ಸತ್ತದ್ದು ಅವರಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೂ ನೋಡುತ್ತಿದ್ದರು.

"ಬರ್ತೇನಿ ಅಂದು ಹೋಗ್ಯಾನವ್ವ," ಅಂದರು ಒಮ್ಮೆ ನನಗೆ. "ಅದು ಕಾಯ್ತದ. ಕಾಯಲಿ ಬಿಡು. ನಮಗೇನು ಭಾರ?"

ದಾಕ್ಷಿ ಕಾಲೇಜಿಗೆ ಹೋದಳು, ಬಂದಳು. ಹೊಸ್ತಿಲಿನ ಕೆಲಸವನ್ನು ಮುಟ್ಟಲಿಲ್ಲ. ವೇದಿಕೆಯಲ್ಲಿ ಪತ್ರಗಳು ಬಂದು ಬೀಳುತ್ತಿದ್ದವು. ಯೋಜನೆಗೆ ವಯಸ್ಸಾಗಿತ್ತು, ಮನೆಗಳಲ್ಲಿ ಸಾವುಗಳಾಗಿದ್ದವು. ಅಜ್ಜಿ ತೀರಿಕೊಂಡಿದ್ದಾಳೆ, ಆಕೆಯ ಕೋಣೆಯ ಫ್ಯಾನು ಸಂಜೆಯಾದರೆ ತಿರುಗುತ್ತದೆ, ಏನು ಮಾಡಲಿ ಎಂದು ಒಬ್ಬರು. ತೀರಿಕೊಂಡ ಗಂಡ ಬರುತ್ತಾನೆಂದು ಮನೆ ಬಾಗಿಲ ಚಿಲಕ ತೆಗೆಯುತ್ತದೆ, ಒಬ್ಬಳೇ ಇರುವವಳಿಗೆ ಹೆದರಿಕೆ ಎಂದು ಇನ್ನೊಬ್ಬರ ಗೋಳು. ಬೇರೆ ಪ್ರತಿ ಮಾಡಿಕೊಂಡು ಯಾರಾದರೂ ತಿದ್ದಬಹುದಿತ್ತು. ಆದರೆ ಬೇರೆ ಪ್ರತಿಗೆ ಹೋದರೆ ಮನೆ ಕಲಿತದ್ದೆಲ್ಲ ಅಳಿಸಿಹೋಗುತ್ತದೆ, ಸತ್ತವರ ದನಿಯೂ. ಅದಕ್ಕೆ ಯಾರಿಗೂ ಮನಸ್ಸಿರಲಿಲ್ಲ. ಮೂಲ ಪ್ರತಿಯನ್ನು ತಿದ್ದುವ ಕೀಲಿ ದಾಕ್ಷಿಯ ಕೈಯಲ್ಲಿತ್ತು, ಆಕೆ ಉತ್ತರ ಬರೆಯುತ್ತಿರಲಿಲ್ಲ.

ಕಡೆಗೆ ಒಬ್ಬ ಮನುಷ್ಯ ಕಾಲೇಜಿಗೇ ಹುಡುಕಿಕೊಂಡು ಬಂದ. ನಾನು ಆಗ ಲ್ಯಾಬಿನಲ್ಲೇ ಇದ್ದೆ. ದಾಕ್ಷಿ ಊಟ ಬಿಟ್ಟಿದ್ದಳೆಂದು ನೀಲವ್ವ ಡಬ್ಬಿ ಕೊಟ್ಟು ಕಳಿಸಿದ್ದರು. ಬಂದವನು ಬಾಗಿಲಲ್ಲೇ ಚಪ್ಪಲಿ ಬಿಟ್ಟ.

"ಅಕ್ಕಾ, ನಾ ಬಂದೇನವಾಜ್ ಅಂತರಿ. ಕಲಬುರಗಿಲಿಂದ ಬಂದೀನ್ರಿ. ಟೇಲರ್ ಇದ್ದೀನಿ. ನಮ್ಮ ಮನ್ಯಾಗ ನಿಮ್ಮ ಹೊಸ್ತಿಲು ಅದರಿ."

ದಾಕ್ಷಿ ಸ್ಟೂಲು ತೋರಿಸಿದಳು. ಅವನು ಕೂರಲಿಲ್ಲ.

"ಮಗಳಿದ್ಳರಿ, ಸಮೀನಾ. ಸಾಲಿಗಿ ಹೋಗಾಗ ದಿನಾ 'ಆತೂಂ ಅಮ್ಮೀ', ಬರ್ತೀನಿ ಅವ್ವಾ ಅಂತಿದ್ಳು. ಜ್ವರ ಬಂದು ತೀರಕೊಂಡಳ್ರಿ." ಕೈಯಲ್ಲಿದ್ದ ಚೀಲದ ಹಿಡಿಯನ್ನು ಮಡಚುತ್ತ ಬಿಚ್ಚುತ್ತ ನಿಂತ. "ಸಾಲಿ ವ್ಯಾನ್ ಬರೋ ಹೊತ್ತಿಗಿ ಗೇಟಿನ ಕೊಂಡಿ ತಾನೇ ಬಿಚ್ಚತದ್ರಿ. ಮೊದ್ಲು ಆ ಸಪ್ಪಳಕ್ಕ ಹುಡುಗಿ ಓಡಿ ಬರ್ತಿದ್ಳು. ಈಗ ಆ ಸಪ್ಪಳಕ್ಕ ನನ್ನ ಹೆಣ್ತಿ ಓಡಿ ಹೋಗ್ತಾಳ್ರಿ. ಹೋಗಿ ಗೇಟಿನಾಗೇ ಕುಂಡ್ರತಾಳ. ಕರದ್ರ ಬರಲ್ರಿ."

"ಪ್ಲಗ್ ತೆಗದುಬಿಡಬೇಕಿತ್ತಲ್ರಿ?" ಅಂದೆ ನಾನು. ನನ್ನ ಬಾಯಿಗೆ ತಡೆ ಎಂಬುದು ಹುಟ್ಟಿನಿಂದಲೇ ಇಲ್ಲ.

"ತೆಗಿಲಿಕ್ಕಿ ಹ್ವಾದೆರಿ ಅಮ್ಮಾ. ಕೈ ಹಿಡದ್ಳು. 'ಭರವಸೆ ತೊಂಬತ್ತೊಂಬತ್ತು ಅಂತ ಅದ್ರಾಗ ಬರದದ. ಮಷೀನ್ ಬರ್ತಾಳ ಅಂತದ, ಅಪ್ಪ ಆಗಿ ನೀ ಯಾಕ ಬರಲ್ಲ ಅಂತಿ?' ಅಂತ ನನಗೇ ಕೇಳ್ತಾಳ್ರಿ. ನಾ ಏನ್ ಹೇಳ್ಲಿ?" ಅವನು ದಾಕ್ಷಿಯ ಕಡೆ ತಿರುಗಿದ. "ಬ್ಯಾರೆ ಏನೂ ಬ್ಯಾಡರಿ ಅಕ್ಕಾ. ಹುಡುಗಿ ದನಿ ಇರಲಿ. ಆ ಅಂಕಿ ಒಂದು ಇಳಸ್ರಿ."

ದಾಕ್ಷಿ ಬೆಸುಗೆ ಕೋಲನ್ನು ಅದರ ಗೂಡಿಗೆ ಇಟ್ಟಳು. "ಒಬ್ಬರ ಮನ್ಯಾಗ ಅಷ್ಟ ಇಳಸಾಕ ಬರೂದಿಲ್ರಿ ಅಣ್ಣಾರ. ನಮ್ಮ ಪದ್ಧತಿ ಹಂಗದ. ಬದಲಿ ಮಾಡಿದ್ರ ಎಲ್ಲಾರಿಗೂ ಹೋಗ್ತದ. ಅದಕ್ಕೂ ಮೊದ್ಲ ನಮ್ಮ ಮನ್ಯಾಗ ಮಾಡಿ ತೋರಸಬೇಕು..."

ಬಂದೇನವಾಜ್ ಆಕೆಯ ಮುಖವನ್ನೇ ನೋಡಿದ. ಆಮೇಲೆ ಬಹಳ ಮೆತ್ತಗೆ ಕೇಳಿದ, "ನಿಮ್ಮ ಮನ್ಯಾಗೂ ಯಾರರ ಬರೋರು ಅದಾರೇನ್ರಿ ಅಕ್ಕಾ?"

ದಾಕ್ಷಿ ಮೇಜಿಗೆ ಹಣೆಯಿಟ್ಟು ಅತ್ತಳು. ಗುರುಪಾದ ಹೋದ ಮೇಲೆ ಆಕೆ ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಆ ಮನುಷ್ಯನೂ ಅಳುತ್ತಿದ್ದ. ನೀಲವ್ವ ಕೊಟ್ಟ ಡಬ್ಬಿಯಲ್ಲಿದ್ದ ರೊಟ್ಟಿ, ಬದನೆಕಾಯಿ ಪಲ್ಯವನ್ನು ಕಡೆಗೆ ಮೂವರೂ ಹಂಚಿಕೊಂಡು ತಿಂದೆವು. ಅವನು ಹೊರಡುವಾಗ ಬಾಗಿಲಲ್ಲಿ ನಿಂತು "ಬರ್ತೀನ್ರಿ ಅಕ್ಕಾ" ಅಂದ. ಹಾಗೆ ಅಂದವನೇ ತುಟಿ ಕಚ್ಚಿಕೊಂಡ.

ಅವತ್ತಿನಿಂದ ದಾಕ್ಷಿ ಕೆಲಸಕ್ಕೆ ಕೂತಳು. ತಾನೆಲ್ ಕಳಿಸಿದ್ದ ಹಳೆಯ ತಿದ್ದುಪಡಿಯನ್ನು ಹುಡುಕಿ ತೆಗೆದಳು. ಅವನಿಗೆ ಏನೆಂದು ಬರೆದಳೋ ನನಗೆ ತೋರಿಸಲಿಲ್ಲ. ಅವನ ಉತ್ತರದಲ್ಲಿ ಮಾತ್ರ ಒಂದು ಸಾಲಿತ್ತು: "ನನ್ನ ಪ್ರಶ್ನೆ ಕೆಟ್ಟ ಪ್ರಶ್ನೆಯಾಗಿತ್ತು, ಕ್ಷಮಿಸಿ." ಕೆಟ್ಟ ಪ್ರಶ್ನೆಯಲ್ಲ, ಅದು ನಮಗೆ ಬೇಡವಾಗಿದ್ದ ಪ್ರಶ್ನೆ.

ಕೋಡು ಬರೆಯುವುದು ಕಷ್ಟವಾಗಲಿಲ್ಲ. ಹೋದವರು ಹೇಳಲಾರರು, ಆದ್ದರಿಂದ ಉಳಿದವರೆಲ್ಲರೂ ಹೇಳಬೇಕು. ಮನೆಯಲ್ಲಿರುವ ದೊಡ್ಡವರು ಒಬ್ಬೊಬ್ಬರಾಗಿ ಹೊಸ್ತಿಲಲ್ಲಿ ನಿಂತು ತಮ್ಮ ದನಿಯಲ್ಲಿ ಬೀಳ್ಕೊಡಬೇಕು. ಒಬ್ಬರು ಹೇಳದಿದ್ದರೂ ಮನೆ ಕಾಯುತ್ತದೆ. ಸಿಟ್ಟಿನ ಅತ್ತೆ ಒಬ್ಬಳೇ ಯಾರನ್ನೂ ತೆಗೆಯುವಂತಿಲ್ಲ. ಬೀಳ್ಕೊಟ್ಟ ಮೇಲೆ ದನಿ ಉಳಿಯುತ್ತದೆ, ಕಾಯುವುದು ನಿಲ್ಲುತ್ತದೆ.

"ಏನಂತ ಹೇಳಬೇಕು?" ಎಂದು ದಾಕ್ಷಿ ಕೇಳಿದಳು. "ಶಬ್ದ ನೀವ ಕೊಡ್ರಿ ಅಕ್ಕೋರ."

ನಿಘಂಟು ತೆಗೆದು ಕೂತೆ. ತೀರಿಕೊಂಡರು, ಅಗಲಿದರು, ಲಿಂಗೈಕ್ಯರಾದರು, ಕೈಲಾಸವಾಸಿಗಳಾದರು. ಪತ್ರಿಕೆಯಲ್ಲಿ ಅಚ್ಚು ಹಾಕಿಸಲು ಚೆನ್ನ, ಮನೆಯ ಬಾಗಿಲಲ್ಲಿ ನಿಂತು ಹೇಳಲು ಒಂದೂ ಬರುವುದಿಲ್ಲ. ಮಕ್ಕಳಿಗೆ ಬದುಕಿಡೀ ಸಮಾನಾರ್ಥಕ ಪದ ಉರು ಹೊಡೆಸಿದವಳು ನಾನು. ಆ ಸಂಜೆ ಎಲ್ಲ ಪದಗಳೂ ನಿರುಪಯೋಗಿ ಅನಿಸಿ ಪುಸ್ತಕ ಮುಚ್ಚಿದೆ. ಆಮೇಲೆ ಹೊಳೆಯಿತು. ಹೊರಡುವವರು ಬರ್ತೇನಿ ಅಂದಾಗ ಉಳಿದವರು ಏನನ್ನುತ್ತಾರೆ? ಹೋಗಿ ಬರ್ರಿ ಅನ್ನುತ್ತಾರೆ. ಅದರಲ್ಲಿ ಬರ್ರಿ ಎಂಬುದನ್ನು ಬಿಟ್ಟುಬಿಡಬೇಕು. ಅಷ್ಟೇ.

"ಹೋಗ್ರಿ," ಅಂದೆ. "ಚಿಕ್ಕವರಿಗಾದರೆ ಹೋಗು, ಹೋಗವ್ವ. ಅಷ್ಟ ಸಾಕು."

ದಾಕ್ಷಿ ಹೂಂ ಎಂದು ಬರೆದುಕೊಂಡಳು.

ಮುಂದಿನದನ್ನು ಹೇಳುವ ಮುಂಚೆ ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ನನಗೆ ಹೇಳಲು ಆಗುವುದಿಲ್ಲ. ಆ ತಿದ್ದುಪಡಿ ಎಲ್ಲ ಮನೆಗಳಿಗೂ ಹೋಯಿತು. ಕಲಬುರಗಿಯಲ್ಲಿ ಗೇಟಿನ ಕೊಂಡಿ ಬಿಚ್ಚುವುದು ನಿಂತಿತು. ಬಂದೇನವಾಜ್ ಫೋನು ಮಾಡಿ, ಹೆಂಡತಿ ಮಗಳನ್ನು ಕಳಿಸಿಕೊಟ್ಟಳು, ಈಗ ಅಳುತ್ತಿದ್ದಾಳೆ, ಮಗಳು ಹೋದ ಮೇಲೆ ಮೊದಲ ಸಲ ಅಳುತ್ತಿದ್ದಾಳೆ ಎಂದು ಹೇಳಿದ. ಬೇರೆ ಊರುಗಳ ಎಷ್ಟೋ ಮನೆಗಳಲ್ಲಿ ಎಷ್ಟೋ ದೀಪಗಳು ನಂದಿದವು. ಆದ್ದರಿಂದ ಈಗ ಹೇಳಲಿರುವ ಸಂಜೆ ವ್ಯರ್ಥವಾಗಲಿಲ್ಲ. ಇದನ್ನು ನನಗೆ ನಾನೇ ಆಗಾಗ ಹೇಳಿಕೊಳ್ಳುತ್ತೇನೆ.

ತಿದ್ದುಪಡಿಯನ್ನು ಮೊದಲು ದಾಕ್ಷಿಯ ಮನೆಯಲ್ಲಿ ನಡೆಸಿ ನೋಡುವ ದಿನ, ದೇವರಿಗೆ ದೀಪ ಹಚ್ಚುವ ಹೊತ್ತು. ನಾನು ಆ ಮನೆಯವಳಲ್ಲವಾದ್ದರಿಂದ ಹೊರಗೆ ಕಟ್ಟೆಯ ಬಳಿ ನಿಂತೆ. ನೀಲವ್ವನಿಗೆ ದಾಕ್ಷಿ ಎಲ್ಲವನ್ನೂ ಹೇಳಿದ್ದಳು. ಅವರು ಒಪ್ಪಲಾರರೆಂದು ನಾನು ತಿಳಿದಿದ್ದೆ. ಅವರು ಕೇಳಿದ್ದು ಒಂದೇ, "ಆ ಹುಡುಗಿ ಅವ್ವ ಇನ್ನೂ ಗೇಟಿನ್ಯಾಗ ಕುಂತಾಳೇನು?" ಕುಂತಿದ್ದಾಳೆ ಅಂದಾಗ ಸೆರಗು ಸರಿಮಾಡಿಕೊಂಡು ಎದ್ದು ಬಂದರು.

ಹೊಸ್ತಿಲ ಒಳಬದಿಗೆ ನಿಂತು ಚೌಕಟ್ಟನ್ನು ಒಂದು ಕೈಯಿಂದ ಹಿಡಿದುಕೊಂಡರು.

"ಗುರೂ," ಅಂದರು. "ಭಾಳ ದಣದೀ ಮಗನ. ನಾವು ಹೆಂಗರ ಇರ್ತೇವಿ. ನೀ ಹೋಗಪಾ."

ಪರದೆಯ ಮೇಲೆ ಅಕ್ಷರ ಮೂಡಿತು: ನೀಲವ್ವ ಹೇಳಿದರು. ಇನ್ನೊಬ್ಬರು ಹೇಳಬೇಕು.

ದಾಕ್ಷಿ ಮುಂದೆ ಬಂದಳು. ತಲೆಯ ಮೇಲೆ ಆ ದೀಪ ಉರಿಯುತ್ತಿತ್ತು. ಕಡೆಗೆ ಕಣ್ಣು ಮುಚ್ಚಿ, "ಹೋಗ್ರಿ," ಅಂದಳು.

ದೀಪ ತಟ್ಟನೆ ಹೋಯಿತು. ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಒಳಕೋಣೆಯಲ್ಲಿ ಫ್ಯಾನು ತಿರುಗಿತು. ಗೂಡಿನಲ್ಲಿದ್ದ ಅವನ ರೇಡಿಯೋ ಗೊರಗೊರ ಎಂದು, ಅವನಿಗೆ ಬೇಕಾದಷ್ಟೇ ಸಣ್ಣ ದನಿಯಲ್ಲಿ ಹಾಡತೊಡಗಿತು. ಪರದೆಯ ಮೇಲೆ ಹೊಸ ಸಾಲು ಬಂತು: ಮನಿಯವ್ರು ಬಂದರು.

"ಗುರೂ?" ಎನ್ನುತ್ತ ನೀಲವ್ವ ಕೋಣೆಯ ಕಡೆ ಓಡಿದರು. ಮಂಡಿನೋವಿನ ಮುದುಕಿ, ನಿಜವಾಗಿ ಓಡಿದರು. ಬಾಗಿಲಲ್ಲಿ ನಿಂತು ಖಾಲಿ ಮಂಚದ ಮೇಲೆ ತಿರುಗುವ ಫ್ಯಾನನ್ನು ನೋಡಿ ಅಲ್ಲೇ ಕುಸಿದು ಕುಳಿತರು.

ಏನಾಯಿತೆಂದು ದಾಕ್ಷಿಗೆ ಮೊದಲು ತಿಳಿಯಿತು. ಮನೆ ಆ ಶಬ್ದವನ್ನು ಆಕೆಯ ಬಾಯಿಂದ ಸಾವಿರ ಸಲ ಕೇಳಿತ್ತು. ಕೇಳಿದಾಗೆಲ್ಲ ಅವನು ಎದುರಿಗಿದ್ದ, ನಗುತ್ತಿದ್ದ. ದಾಕ್ಷಿ ಹೋಗ್ರೀ ಅಂದರೆ ಅವನು ಮನೆಯಲ್ಲೇ ಇದ್ದಾನೆ ಎಂದರ್ಥ. ಅದು ಕಲಿತದ್ದು ಹಾಗೆ. ಅದು ತಪ್ಪು ಕಲಿತಿರಲಿಲ್ಲ.

ಆಕೆ ಕೋಣೆಗೆ ಹೋದಳು. ರೇಡಿಯೋ ಆರಿಸುತ್ತಾಳೆಂದು ಕಾದೆ, ಆರಿಸಲಿಲ್ಲ. ಅತ್ತೆಯ ಪಕ್ಕ ನೆಲದ ಮೇಲೆ ಕುಳಿತಳು. ಹಾಡು ಮುಗಿಯುವವರೆಗೂ ಇಬ್ಬರೂ ಹಾಗೆಯೇ ಕುಳಿತಿದ್ದರು. ಹೆಜ್ಜೆಯ ಸಪ್ಪಳ ಸಿಗದೆ ಮನೆಗೂ ಅನುಮಾನ ಬಂದಿರಬೇಕು. ಫ್ಯಾನು ನಿಂತಿತು, ಹಾಡು ನಿಂತಿತು, ಪಡಸಾಲೆಯ ದೀಪ ಮತ್ತೆ ಹತ್ತಿತು. ಮತ್ತೆ ಕಾಯತೊಡಗಿತು.

ನನಗೆ ಉಪಾಯ ಗೊತ್ತಾಗಿತ್ತು. ಹೇಳಲು ಮನಸ್ಸು ಬರಲಿಲ್ಲ, ಆದರೂ ಹೇಳಿದೆ. "ಬರೇ ಹೋಗ್ರಿ ಅಂದ್ರ ಅದಕ್ಕ ತಿಳೀದವ್ವ. ಶಬ್ದದ ಮುಂದ ಹೆಸರು ಹಚ್ಚಬೇಕು. ನೀಲವ್ವಾರು ದಿನಾ ಕರಿಯೋ ಹೆಸರು ಹಿಡದು ಹೇಳಿದ್ರು, ತಿಳಕೊಂಡ್ತು."

ದಾಕ್ಷಿ ತಲೆಯೆತ್ತಿ ನೋಡಿದಳು. "ಅಕ್ಕೋರ, ನಾ ಹೆಂಗ ಅನ್ನಲಿ? ಅವ್ರು ಅಷ್ಟು ಕೇಳ್ಕೊಂಡಾಗ ಅನ್ನಲಿಲ್ಲ."

ಆಕೆಯೇ ಎದ್ದು ಅಡುಗೆಮನೆಯ ಕಂಪ್ಯೂಟರಿನ ಮುಂದೆ ಕೂತು ಹೆಸರಿಲ್ಲದೆ ಬೀಳ್ಕೊಡುಗೆ ಇಲ್ಲ ಎಂದು ಕೋಡಿಗೆ ಒಂದು ಸಾಲು ಸೇರಿಸಿದಳು. ಆಮೇಲೆ ಮನೆಮಂದಿಯ ಹೆಸರುಗಳಲ್ಲಿ 'ಮನಿಯವ್ರು' ಎಂಬುದನ್ನು ಅಳಿಸಿ 'ಗುರುಪಾದ' ಎಂದು ಬರೆದಳು. ಬರೆಯುವುದು ಸುಲಭ. ಕಾಗದಪತ್ರಗಳಲ್ಲಿ ಎಷ್ಟೋ ಸಲ ಬರೆದಿದ್ದಳು.

ಬಂದು ಹೊಸ್ತಿಲ ಮುಂದೆ ನಿಂತಳು. ಹೊರಗೆ ಎಲ್ಲೋ ಗೂಡ್ಸ್ ಗಾಡಿ ಕೂಗಿತು. ಪರದೆಯ ಮೇಲೆ ತೊಂಬತ್ತೊಂಬತ್ತು ಹಾಗೆಯೇ ಇತ್ತು.

"ಗುರುಪಾದ," ಅಂದಳು. ಅಕ್ಷರ ಕಲಿಯುವ ಮಗು ಓದಿದ ಹಾಗೆ, ಬಿಡಿಬಿಡಿಯಾಗಿ. ಅಂದವಳೇ ಹಿಂದೆ ತಿರುಗಿ ನೋಡಿದಳು, ಅವನು ಕೇಳಿಸಿಕೊಂಡನೇನೋ ಎಂಬಂತೆ. ಮತ್ತೆ ಬಾಗಿಲ ಕಡೆ ತಿರುಗಿದಳು.

"ಗುರುಪಾದ, ಹೋಗ್ರಿ."

ದೀಪ ಶಾಂತವಾಯಿತು ಅನ್ನಬೇಕು. ಆರಿತು ಅನ್ನಬಾರದು. ನಾನೇ ಮಕ್ಕಳಿಗೆ ಹಾಗೆ ಹೇಳಿಕೊಟ್ಟಿದ್ದೇನೆ. ಆದರೆ ಅದು ಆರಿತು. ಬಚ್ಚಲಿನಲ್ಲಿ ಗೀಸರ್ ಟಕ್ ಎಂದು ನಿಂತಿತು. ಪರದೆಯ ಮೇಲೆ ಎರಡೇ ಹೆಸರು ಉಳಿದವು.

ಕತ್ತಲಲ್ಲಿ ನೀಲವ್ವನ ದನಿ ಕೇಳಿತು. "ಇಷ್ಟ ಬೇಕಾಗಿತ್ತವಾ ಅವಂಗ. ಬರೇ ಇಷ್ಟ."

ದಾಕ್ಷಿ ಹೊಸ್ತಿಲ ಮೇಲೆಯೇ ಕುಳಿತಳು. ಕೆಲಸ ಮುಗಿದಿತ್ತು, ಇನ್ನು ಏನೂ ಹೇಳಬೇಕಾಗಿರಲಿಲ್ಲ. ಆದರೂ ಗುರುಪಾದ, ಗುರುಪಾದ ಎಂದು ಕರೆಯುತ್ತಲೇ ಇದ್ದಳು. ಮನೆ ಎಲ್ಲವನ್ನೂ ಕೇಳಿಸಿಕೊಂಡಿತು, ಏನನ್ನೂ ಹೊತ್ತಿಸಲಿಲ್ಲ.